ನೀವು ಅಲ್ಲ, ನೀನು

ಸೆಪ್ಟೆಂಬರ್ ಬಂತೆಂದರೆ ಹಿಂದಿ ಮೇಷ್ಟ್ರುಗಳಿಗೆ ಬೇಡಿಕೆ. ಬ್ಯಾಂಕುಗಳಲ್ಲಿ ಹದಿನೈದು ದಿನದ ಹಿಂದಿ ಪಖ್ವಾಡಾ ನಡೆಯುತ್ತದೆ, ಭಾಷಣ ಸ್ಪರ್ಧೆ, ಕವಿತೆ ಓದುವ ಸ್ಪರ್ಧೆ ಇರುತ್ತದೆ, ತೀರ್ಪು ಕೊಡಲು ಯಾರಾದರೂ ಬೇಕು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಹಿಂದಿ ಪಾಠ ಮಾಡುವ ನಾನು ಆ ವರ್ಷ ಬೆಳ್ತಂಗಡಿಯ ಒಂದು ಬ್ಯಾಂಕಿಗೆ ತೀರ್ಪುಗಾರ್ತಿಯಾಗಿ ಹೋಗಿದ್ದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾರ್ಯಕ್ರಮ. ಕೌಂಟರುಗಳ ಮುಂದೆ ‘ಮುಚ್ಚಿದೆ’ ಎಂಬ ಫಲಕ ಇಟ್ಟು, ಸಿಬ್ಬಂದಿ ಒಬ್ಬೊಬ್ಬರಾಗಿ ಎದ್ದು ಮೊಬೈಲ್ ನೋಡಿ ದೇಶಭಕ್ತಿಯ ಕವಿತೆ ಓದುತ್ತಿದ್ದರು.

ಪಾಸ್‌ಬುಕ್ ಹಿಡಿದುಕೊಂಡ ಒಬ್ಬ ಹೆಂಗಸು ಬೆಂಚಿನ ಮೇಲೆ ಕುಳಿತಿದ್ದಳು. ಮೂವತ್ತೈದರ ಹತ್ತಿರದ ವಯಸ್ಸು. ಬೆರಳುಗಳ ತುದಿ ಕಪ್ಪಗಾಗಿತ್ತು. ಗೇರುಬೀಜ ಒಡೆಯುವವರ ಕೈಗೆ ಸಿಪ್ಪೆಯ ಎಣ್ಣೆ ತಾಗಿ ಹಾಗಾಗುತ್ತದೆ. ಇನ್ನೆಷ್ಟು ಹೊತ್ತು ಎಂದು ಅವಳು ಹಿಂದಿಯಲ್ಲಿ ಕೇಳಿದಳು. ಇವತ್ತು ಹಿಂದಿಯ ಕಾರ್ಯಕ್ರಮ ಇದೆ, ಸ್ವಲ್ಪ ಕಾಯಬೇಕು ಎಂದು ಮ್ಯಾನೇಜರು ಹೇಳಿದರು. ಹಾಗಾದರೆ ನಾನೂ ಒಂದು ಓದುತ್ತೇನೆ ಎಂದು ಅವಳು ಎದ್ದು ನಿಂತಳು. ಸ್ಪರ್ಧೆ ಸಿಬ್ಬಂದಿಗೆ ಮಾತ್ರ ಎಂದು ಯಾರೋ ಅಂದರು. ಬಹುಮಾನ ಬೇಡ, ಕಾಯುವ ಹೊತ್ತು ಸುಮ್ಮನೆ ಹೋಗಬಾರದಲ್ಲ ಎಂದಳು. ಮ್ಯಾನೇಜರು ನಗುತ್ತಾ ಒಪ್ಪಿದರು.

ಅವಳು ಯಾವ ಕಾಗದವನ್ನೂ ನೋಡದೆ ಕವಿತೆ ಹೇಳಿದಳು. ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಹೊಲ ಅಳೆಯಲು ಬಂದ ಸರಕಾರಿ ಮನುಷ್ಯನ ಎದುರು ಒಬ್ಬ ತಾಯಿ ನಿಂತು ಆಡುವ ಮಾತುಗಳು. ಇಪ್ಪತ್ತೆಂಟು ವರ್ಷ ಹಿಂದಿ ಕವಿತೆ ಪಾಠ ಮಾಡಿದ ನಾನು ಅಂಕ ಹಾಕುವ ಪೆನ್ನನ್ನು ಕೆಳಗಿಟ್ಟೆ.

ಅವಳು ಝಾರ್ಖಂಡಿನ ಒಂದು ಗುಡ್ಡದ ಊರಿನವಳು, ಉರಾಂವ್ ಆದಿವಾಸಿ. ಇಂಟರ್‌ಮೀಡಿಯೆಟ್ ಓದಿದ್ದಳು. ಅಣ್ಣನ ಜೊತೆ ಈ ಕಡೆ ಬಂದು ಬೆಳ್ತಂಗಡಿಯ ಹೊರವಲಯದ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಅವಳ ಊರಿನ ಕಡೆಯ ಹಿಂದಿ ಪತ್ರಿಕೆಗಳಲ್ಲಿ ಅವಳ ಕವಿತೆಗಳು ಬಂದಿದ್ದವು. ತೆಳುವಾದ ಒಂದು ಸಂಕಲನವೂ ಅಚ್ಚಾಗಿತ್ತು. ಇಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅವಳನ್ನು ಈ ಬರಹದಲ್ಲಿ ‘ಅವಳು’ ಎಂದೇ ಕರೆಯುತ್ತೇನೆ. ಹಾಗೆ ಬರೆಯಬೇಕೆಂದು ಅವಳೇ ಹೇಳಿದ್ದಾಳೆ.

ಹಿಂದಿ ನಿನ್ನ ಮಾತೃಭಾಷೆಯೇ ಎಂದು ನಾನು ಆ ದಿನ ಕೇಳಿದ್ದೆ. ಹಿಂದಿ ಮೇಷ್ಟ್ರುಗಳು ಕೇಳುವ ಪ್ರಶ್ನೆ ಅದು. ಅವಳ ಮನೆಮಾತು ಕುಡುಖ್. ಶಾಲೆಯಲ್ಲಿ ಕುಡುಖ್ ಮಾತಾಡಿದರೆ ಬೆತ್ತದ ಏಟು ಬೀಳುತ್ತಿತ್ತಂತೆ.

“ಹಿಂದಿಯನ್ನು ನನಗೆ ಹೊಡೆದು ಕಲಿಸಿದ್ದಾರೆ ದೀದಿ. ಅಷ್ಟು ಹೊಡೆತ ತಿಂದ ಮೇಲೆ ಅದು ನನ್ನದೂ ಆಯಿತಲ್ಲ. ಈಗ ಅದರಲ್ಲಿ ನನಗೆ ಬೇಕಾದ್ದನ್ನು ಹೇಳುತ್ತೇನೆ,” ಎಂದಳು.

ಆ ವರ್ಷ ನಮ್ಮ ಕಾಲೇಜಿನಲ್ಲಿ ಬಹುಭಾಷಾ ಕವಿಗೋಷ್ಠಿ ಇತ್ತು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಕವಿಗಳು ಸಿಕ್ಕಿದ್ದರು, ಹಿಂದಿಗೆ ಯಾರೂ ಇರಲಿಲ್ಲ. ನಾನು ಅವಳ ಹೆಸರು ಹೇಳಿದೆ. ಕನ್ನಡ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಗೋಷ್ಠಿಯ ಸಂಚಾಲಕರು. ಎಲ್ಲರಿಗೂ ಬೇಕಾದ ಸಜ್ಜನ. ತಕ್ಷಣ ಒಪ್ಪಿದರು. ಎಲ್ಲ ಕವಿತೆಗಳನ್ನೂ ಕನ್ನಡ ಅನುವಾದದೊಂದಿಗೆ ಪುಸ್ತಿಕೆಯಾಗಿ ಅಚ್ಚು ಹಾಕುವುದೆಂದೂ, ಅವಳ ಕವಿತೆಯ ಅನುವಾದ ಮತ್ತು ಗೋಷ್ಠಿಯ ನಿರೂಪಣೆ ನನ್ನದೆಂದೂ ತೀರ್ಮಾನವಾಯಿತು. ಬ್ಯಾಂಕಿನಲ್ಲಿ ಅವಳು ಹೇಳಿದ ಕವಿತೆಯನ್ನೇ ಆರಿಸಿಕೊಂಡೆ. ಇಪ್ಪತ್ತೆರಡು ಸಾಲು; ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಆರು ಭಾನುವಾರ ಹಿಡಿಯಿತು.

ಭಾನುವಾರ ಅವಳಿಗೆ ರಜೆ. ಮೆಲ್ಕಾರಿನ ನನ್ನ ಮನೆಯಿಂದ ಬಿ.ಸಿ. ರೋಡಿಗೆ ಬಂದು ಬಸ್ಸು ಹತ್ತಿದರೆ ಹತ್ತು ಗಂಟೆಯೊಳಗೆ ಬೆಳ್ತಂಗಡಿ ಮುಟ್ಟುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಒಳಗಿನ ಮೇಜು ನಮ್ಮ ಕಚೇರಿ. ಬನ್ಸು, ಚಹಾ, ಎರಡು ನೋಟುಪುಸ್ತಕ. ನಾನು ಪುಟವನ್ನು ಮೂರು ಕಾಲಂ ಮಾಡಿಕೊಂಡಿದ್ದೆ. ಮೊದಲನೆಯದರಲ್ಲಿ ಅವಳ ಸಾಲು, ಎರಡನೆಯದರಲ್ಲಿ ಪದಕ್ಕೆ ಪದ, ಮೂರನೆಯದರಲ್ಲಿ ಕನ್ನಡದ ಸಾಲು. ಅವಳದ್ದೊಂದು ನಿಯಮವಿತ್ತು. ನಾನು ಕನ್ನಡದ ಸಾಲನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಅವಳ ಹಿಂದಿಯನ್ನು ನೋಡದೆ ನನ್ನ ಕನ್ನಡವನ್ನೇ ಪುನಃ ಹಿಂದಿಗೆ ತಂದು ಹೇಳಬೇಕು. ತನ್ನ ಸಾಲು ತನಗೆ ವಾಪಸು ಸಿಕ್ಕಿದರೆ ತಲೆ ಆಡಿಸುತ್ತಿದ್ದಳು. ಸಿಗದಿದ್ದರೆ ಚಹಾದ ಗ್ಲಾಸನ್ನು ಆಚೆ ಸರಿಸುತ್ತಿದ್ದಳು. ಮೊದಲ ಭಾನುವಾರ ಗ್ಲಾಸು ಮೇಜಿನ ಅಂಚಿನವರೆಗೂ ಹೋಯಿತು.

ಮೊದಲ ತೊಡಕು ಶೀರ್ಷಿಕೆಯದೇ. ಅವಳ ಊರಿನಲ್ಲಿ ಭೂಮಿ ಅಳೆಯುವವನಿಗೆ ಅಮೀನ್ ಎನ್ನುತ್ತಾರೆ, ಕವಿತೆಯ ಹೆಸರೂ ಅದೇ. ನಮ್ಮ ಊರಿನಲ್ಲಿ ಅಮೀನ್ ಎಂದರೆ ಕುಲನಾಮ. ಅದನ್ನು ಹಾಗೇ ಬಿಟ್ಟರೆ ಯಾರದೋ ಮನೆಯವರನ್ನು ಬೈದಂತಾಗುತ್ತದೆ. ಇದನ್ನು ಕೇಳಿ ಅವಳು ತುಂಬ ಹೊತ್ತು ನಕ್ಕಳು, ‘ಸರ್ವೆಯವನಿಗೆ’ ಎಂದು ಮಾಡಲು ಒಪ್ಪಿದಳು. ಸಖುವಾ ಮರದ ವಿಷಯದಲ್ಲಿ ಒಪ್ಪಲಿಲ್ಲ. ನಿಘಂಟಿನಲ್ಲಿ ಅದಕ್ಕೆ ಸಾಲವೃಕ್ಷ ಎಂದಿದೆ. ಸಾಲದ ಮರ ಎಂದು ಬರೆದರೆ ಓದುವವರಿಗೆ ಸೊಸೈಟಿಯ ಸಾಲ ನೆನಪಾಗುತ್ತದೆ ಎಂದೆ. ಇಲ್ಲಿಯ ಯಾವುದಾದರೂ ಮರ ಹಾಕುವ ಎಂದೂ ಸೂಚಿಸಿದೆ. ನಿಮ್ಮ ಪುಸ್ತಕಗಳಲ್ಲಿ ಇಂಗ್ಲೆಂಡಿನ ಮರಗಳು ಅವುಗಳ ಹೆಸರಿನಲ್ಲೇ ಇರುತ್ತವೆ, ನಮ್ಮ ಮರ ಮಾತ್ರ ಯಾಕೆ ಹೆಸರು ಬದಲಿಸಬೇಕು ಎಂದು ಕೇಳಿದಳು. ಸಖುವಾ ಸಖುವಾ ಆಗಿಯೇ ಉಳಿಯಿತು.

ಆಮೇಲೆ ‘ಹಮ್’ ಎಂಬ ಪದ. ಅವಳ ಕಡೆಯ ಹಿಂದಿಯಲ್ಲಿ ಒಬ್ಬರೇ ಇದ್ದರೂ ಹಮ್ ಎನ್ನುತ್ತಾರೆ, ಹತ್ತು ಜನ ಇದ್ದರೂ ಹಮ್. ಕನ್ನಡದಲ್ಲಿ ನಾನು ಅನ್ನಬೇಕೋ ನಾವು ಅನ್ನಬೇಕೋ? ಕವಿತೆಯ ತಾಯಿ ಅವಳ ಸ್ವಂತ ತಾಯಿಯೇ. ಗದ್ದೆಯ ಬದುವಿನ ಮೇಲೆ ಆ ದಿನ ನಿಂತದ್ದನ್ನು ಅವಳು ಎಂಟು ವರ್ಷದವಳಾಗಿದ್ದಾಗ ನೋಡಿದ್ದಳು. ಹಾಗಾದರೆ ಅಮ್ಮ ಒಬ್ಬರೇ ಇದ್ದರಲ್ಲ ಎಂದೆ.

“ಒಬ್ಬಳೇ ನಿಂತಿದ್ದಳು. ಆದರೆ ಒಬ್ಬಳೇ ಇದ್ದೇನೆ ಅಂತ ಅವಳಿಗೆ ಅನ್ನಿಸಿರಲಿಲ್ಲ.”

ನಾವು ಎಂದು ಬರೆದೆ.

ಐದನೆಯ ಭಾನುವಾರ ಮುಗಿಯುವಾಗ ಕವಿತೆ ಬಹುಪಾಲು ಸಿದ್ಧವಾಗಿತ್ತು. ಅದರ ಆರಂಭ ಹೀಗೆ:

ಅಳೆ, ನೀನು ಅಳೆ.
ಈ ಕಲ್ಲಿನಿಂದ ಆ ಸಖುವಾದವರೆಗೆ ಅಳೆ.
ನಿನ್ನ ಸರಪಳಿ ಸಾಲದಿದ್ದರೆ ಹೇಳು,
ಮಗುವನ್ನು ಬೆನ್ನಿಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡುತ್ತೇವೆ.
ಅದು ಈ ನೆಲವನ್ನು
ನಿನಗಿಂತ ಮೊದಲು ಅಳೆದಿದೆ.

ಟೈಪು ಮಾಡಿ ಸಂಚಾಲಕರಿಗೆ ಕೊಟ್ಟೆ. ಎರಡು ದಿನ ಬಿಟ್ಟು ಅವರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತರು. ಕವಿತೆ ಒಳ್ಳೆಯದುಂಟು ಎಂದು ಹೊಗಳಿದರು. ಗೋಷ್ಠಿಯ ಅಧ್ಯಕ್ಷತೆಗೆ ನಿವೃತ್ತ ಕಂದಾಯ ಅಧಿಕಾರಿಯೊಬ್ಬರು ಬರುವವರಿದ್ದರು. ಅವರೂ ಕವಿ, ಕಾಲೇಜಿಗೆ ಬೇಕಾದವರು.

“ಅವರ ಎದುರಿಗೆ ಸರ್ವೆಯವನೇ ನೀನು ಅಳೆ ಅಂತ ಓದಿದ್ರೆ ಸರಿಯಾಗ್ಲಿಕ್ಕಿಲ್ಲ ಮೇಡಂ. ನೀವು ಅಂತ ಮಾಡುವ. ಅರ್ಥ ಎಂತ ಬದಲಾಗುವುದಿಲ್ಲ ಅಲ್ವಾ?”

ಬದಲಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಆಗಲಿ ಎಂದುಬಿಟ್ಟೆ. ನಮ್ಮ ಊರಿನ ಕನ್ನಡವೆಂದರೆ ಶಾಲೆಯಲ್ಲಿ, ಆಫೀಸಿನಲ್ಲಿ ಕಲಿತ ಕನ್ನಡ. ಮನೆಯಲ್ಲಿ ತುಳುವಿನಲ್ಲಿ ಎಷ್ಟೇ ಜಗಳವಾಡಿದರೂ ಕನ್ನಡ ಮಾತಾಡುವಾಗ ಗುರುತಿಲ್ಲದವರಿಗೆಲ್ಲ ನೀವು ಎನ್ನುತ್ತೇವೆ. ಆ ಅಭ್ಯಾಸ ಒಂದು ಕಾರಣ. ಇನ್ನೊಂದು, ಸಂಚಾಲಕರ ಮಾತಿಗೆ ಇಲ್ಲ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಅದೇ ಮಧ್ಯಾಹ್ನ ಕುಳಿತು ಏಳು ಕಡೆ ನೀನು ಎಂಬುದನ್ನು ನೀವು ಮಾಡಿದೆ. ಕನ್ನಡದಲ್ಲಿ ಸರ್ವನಾಮ ಬದಲಾದರೆ ಕ್ರಿಯಾಪದವೂ ಬದಲಾಗಬೇಕು. ಅಳೆ ಹೋಗಿ ಅಳೆಯಿರಿ ಬಂತು, ಹೇಳು ಹೋಗಿ ಹೇಳಿ ಬಂತು. ‘ಅಳೆಯಿರಿ, ನೀವು ಅಳೆಯಿರಿ. ನಿಮ್ಮ ಸರಪಳಿ ಸಾಲದಿದ್ದರೆ ಹೇಳಿ.’ ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರ ಉಪಚಾರದ ಹಾಗಿತ್ತು ಅದು. ಹಾಗೆಯೇ ಕಳುಹಿಸಿದೆ.

ಆರನೆಯ ಭಾನುವಾರ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬೆಳ್ತಂಗಡಿಗೆ ಹೋದೆ. ಅದರಲ್ಲಿ ಕವಿಗಳ ಪಟ್ಟಿ ಬೇರೆ, ಕೊನೆಗೆ ‘ಜಾನಪದ ಪ್ರಸ್ತುತಿ’ ಎಂಬ ತಲೆಬರಹದ ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ‘ವಲಸೆ ಕಾರ್ಮಿಕೆ’. ಸಾಧ್ಯವಾದರೆ ಅವರ ಸಾಂಪ್ರದಾಯಿಕ ಉಡುಗೆಯಲ್ಲಿ ಬರಲಿ, ಒಂದು ಕುಣಿತವೂ ಇದ್ದರೆ ಚಂದ ಎಂದು ಸಮಿತಿಯವರು ಹೇಳಿ ಕಳುಹಿಸಿದ್ದರು. ನಾನು ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಬೇರೆ ಕವಿಗಳು ಯಾವ ಉಡುಗೆಯಲ್ಲಿ ಬರುತ್ತಾರೆ ಎಂದು ಕೇಳಿದಳು. ಪ್ಯಾಂಟು ಶರಟು, ಸೀರೆ, ಚೂಡಿದಾರ್ ಎಂದೆ. ತಾನೂ ಹಾಗೇ ಬರುವುದಾಗಿ ಹೇಳಿದಳು. ಕುಣಿತಕ್ಕೆ ಉತ್ತರವನ್ನೇ ಕೊಡಲಿಲ್ಲ.

ಆಮೇಲೆ ನಿಯಮದಂತೆ ಕನ್ನಡ ಅನುವಾದವನ್ನು ಓದಲು ಹೇಳಿದಳು. ಓದಿದೆ. ಹಿಂದಿಗೆ ತಿರುಗಿಸಬೇಕಾದಾಗ ನಾಲಿಗೆ ತಡವರಿಸಿತು. ಅವಳ ಏಕವಚನದ ‘ತೂ’ ನನ್ನ ಬಾಯಲ್ಲಿ ಗೌರವದ ‘ಆಪ್’ ಆಗಿ ಬಂತು. ಅವಳು ಗ್ಲಾಸನ್ನು ಮುಟ್ಟಲಿಲ್ಲ. ನನ್ನನ್ನೇ ನೋಡಿದಳು. ಏನಾಯಿತೆಂದು ನಾನೇ ಒಪ್ಪಿಸಿದೆ: ಯಾರು ಹೇಳಿದರು, ಯಾಕೆ ಹೇಳಿದರು, ನಾನು ಯಾಕೆ ತಲೆಯಾಡಿಸಿದೆ ಎಲ್ಲವನ್ನೂ.

“ನನ್ನ ಅಮ್ಮನಿಗೆ ಹುಟ್ಟಿದಾಗಿನಿಂದ ಎಲ್ಲರೂ ತೂ ಅಂತಲೇ ಕರೆದದ್ದು. ಪೊಲೀಸು, ಅಂಗಡಿಯವನು, ಆಸ್ಪತ್ರೆಯ ಕಂಪೌಂಡರು. ಅವಳು ಎಲ್ಲರಿಗೂ ಆಪ್ ಅಂದಳು. ಆವತ್ತು ಒಂದು ದಿನ ಅವಳು ತಿರುಗಿಸಿ ತೂ ಅಂದಳು. ಅದಕ್ಕೇ ಆ ಕವಿತೆ ಬರೆದದ್ದು ದೀದಿ. ನೀವು ಅದನ್ನೇ ತೆಗೆದಿದ್ದೀರಿ,” ಎಂದಳು.

ಹೋಟೆಲಿನ ಮಾಣಿ ಬಂದು ಇನ್ನೆಂತ ಬೇಕು ಎಂದು ಕೇಳಿ ಹೋದ. ಅವನು ಹೋದ ಮೇಲೆ ಅವಳು ಕೇಳಿದಳು, ತೂ ಎನ್ನುವುದಕ್ಕೆ ಕನ್ನಡದ ಪದ ಯಾವುದು? ನೀನು ಎನ್ನುತ್ತೇವೆ ಎಂದೆ. ಇನ್ನೊಮ್ಮೆ ಹೇಳಲು ಹೇಳಿದಳು. ನೀನು. ಫ್ಯಾಕ್ಟರಿಯಲ್ಲಿ ಹೆಂಗಸರೆಲ್ಲ ತುಳು ಮಾತಾಡುವವರು, ತುಳುವಿನಲ್ಲಿ ಅದಕ್ಕೆ ‘ಈ’ ಎನ್ನುತ್ತಾರೆ; ನಾನು ಓದಿದ ಸಾಲುಗಳಲ್ಲೂ ಆ ಕನ್ನಡದ ಪದ ಉಳಿದವುಗಳ ಜೊತೆ ಹರಿದುಹೋಗಿತ್ತು, ಬಿಡಿಯಾಗಿ ಅವಳ ಕಿವಿಗೆ ಬಿದ್ದಿರಲೇ ಇಲ್ಲ.

“ಇದು ನಮ್ಮದು. ಕುಡುಖಿನಲ್ಲಿ ತೂ ಅನ್ನುವುದಕ್ಕೆ ನೀನ್ ಅಂತಲೇ ಹೇಳುವುದು.”

ನಾನು ನಂಬಲಿಲ್ಲ. ನೋಟುಪುಸ್ತಕ ತೆಗೆದು ಕೇಳುತ್ತಾ ಹೋದೆ. ನಾನು ಎನ್ನುವುದಕ್ಕೆ ಏನ್. ಮಾತಾಡುವವರು, ಕೇಳುವವರು ಎಲ್ಲ ಸೇರಿದ ನಾವು ನಾಮ್. ತುಳುವಿನಲ್ಲಿ ಅದಕ್ಕೆ ನಮ. ಕಣ್ಣಿಗೆ ಖನ್ನ್. ಹಲ್ಲಿಗೆ ಪಲ್ಲ್, ಹಳಗನ್ನಡದ ಹಾಗೆಯೇ. ಕುಡುಖ್ ದ್ರಾವಿಡ ಭಾಷೆ ಎಂದು ಬಿ.ಎಡ್. ಓದುವಾಗ ಎಲ್ಲೋ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆ ಭಾಷೆ ಮಾತಾಡುವವಳು ಐದು ವಾರ ಎದುರು ಕುಳಿತರೂ ನಾವಿಬ್ಬರೂ ಹಿಂದಿಯಲ್ಲೇ ಮಾತಾಡುತ್ತಿದ್ದೆವು.

ನಿಮ್ಮಲ್ಲಿ ದೊಡ್ಡವರಿಗೆ ಏನೆನ್ನುತ್ತೀರಿ ಎಂದು ಕೇಳಿದೆ. ದೊಡ್ಡವರಿಗೂ ನೀನ್ ಎಂದಳು. ಅಜ್ಜನಿಗೆ, ಊರಿನ ಯಜಮಾನನಿಗೆ, ದೇವರಿಗೆ, ಎಲ್ಲರಿಗೂ ಅದೇ.

ಮೂಡುಬಿದಿರೆಯ ಪ್ರೆಸ್ಸಿನಲ್ಲಿ ಪುಸ್ತಿಕೆ ಪೇಜ್ ಮಾಡುವ ಹಂತದಲ್ಲಿತ್ತು. ಸೋಮವಾರ ಮೊದಲ ಪೀರಿಯಡ್ ಮುಗಿಸಿ ನೇರವಾಗಿ ಅಲ್ಲಿಗೆ ಹೋದೆ. ಡಿಟಿಪಿ ಮಾಡುವ ಹೆಂಗಸಿನ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು ತಿದ್ದಿಸಿದೆ. ಏಳು ಸರ್ವನಾಮ, ಹದಿನಾಲ್ಕು ಕ್ರಿಯಾಪದ. ಅಳೆಯಿರಿ ಇದ್ದ ಸಾಲುಗಳೆಲ್ಲ ಗಿಡ್ಡವಾದವು. ಪುಟದ ಬಲಬದಿಯಲ್ಲಿ ಜಾಗ ಬಿಟ್ಟುಕೊಂಡಿತು. ತಲೆಬರಹದ ಕೆಳಗೆ ಅವಳ ಹೆಸರಿನ ಮುಂದಿದ್ದ ‘ವಲಸೆ ಕಾರ್ಮಿಕೆ’ ತೆಗೆಸಿ ‘ಹಿಂದಿ ಕವಯಿತ್ರಿ’ ಎಂದು ಹಾಕಿಸಿದೆ. ಸಂಚಾಲಕರು ಹೇಳಿದ್ದಾರಾ ಎಂದು ಆಕೆ ಕೇಳಿದಾಗ, ಅನುವಾದ ನನ್ನದು, ಜವಾಬ್ದಾರಿಯೂ ನನ್ನದು ಎಂದು ಪ್ರೂಫಿನ ಮೇಲೆ ಬರೆದು ಸಹಿ ಹಾಕಿದೆ. ಆ ತಿದ್ದಿದ ಪುಟದ ಇನ್ನೊಂದು ಪ್ರಿಂಟು ತೆಗೆದುಕೊಂಡು ಚೀಲದಲ್ಲಿಟ್ಟುಕೊಂಡೆ. ಕಾಲೇಜಿಗೆ ಹಿಂತಿರುಗಿ ಸಂಚಾಲಕರಿಗೆ ನಾನೇ ವಿಷಯ ತಿಳಿಸಿದೆ.

ಅವರು ಸಿಟ್ಟಾಗಲಿಲ್ಲ, ಬೇಸರಪಟ್ಟುಕೊಂಡರು. ಸಮಿತಿ ಕರೆದರು. ಒಂದು ಪದಕ್ಕೆ ಇಷ್ಟು ಹಠವೇ ಎಂದರು. ಒಂದೇ ಪದ ಆದರೆ ನೀವೇ ಬಿಡಿ ಎಂದೆ. ಕವಿತೆಯಲ್ಲಿ ‘ನೀವು’ ಎಂದೇ ಅಚ್ಚಾಗುವುದಾದರೆ ನನ್ನ ಹೆಸರು ಹಾಕುವುದು ಬೇಡ, ನಿರೂಪಣೆಗೂ ಬೇರೆಯವರನ್ನು ನೋಡಿಕೊಳ್ಳಿ ಎಂದೂ ಹೇಳಿದೆ. ಅಷ್ಟು ವರ್ಷದ ನೌಕರಿಯಲ್ಲಿ ಸಮಿತಿಯ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ನಿರೂಪಕಿಯನ್ನು ಬದಲಿಸಲು ಸಮಯವಿರಲಿಲ್ಲ. ನೋಡುವ ಎಂದು ಸಭೆ ಮುಗಿಸಿದರು.

ಗೋಷ್ಠಿಯ ದಿನ ಬೆಳಿಗ್ಗೆ ಪುಸ್ತಿಕೆಯ ಕಟ್ಟು ಬಿಚ್ಚಿದಾಗ ಅವಳ ಪುಟ ಇರಲಿಲ್ಲ. ಇಪ್ಪತ್ತಮೂರನೆಯ ಪುಟದಲ್ಲಿ ಚಿನ್ನದಂಗಡಿಯೊಂದರ ಜಾಹೀರಾತಿತ್ತು.

ನಾನು ಎದುರಿನ ಅಂಗಡಿಗೆ ಹೋಗಿ, ಚೀಲದಲ್ಲಿದ್ದ ಪ್ರಿಂಟನ್ನು ನೂರು ಝೆರಾಕ್ಸ್ ಮಾಡಿಸಿದೆ. ಸಭಾಂಗಣದ ಬಾಗಿಲಲ್ಲಿ ನಿಂತು ಪುಸ್ತಿಕೆ ಕೊಡುತ್ತಿದ್ದ ನನ್ನ ವಿದ್ಯಾರ್ಥಿನಿಯರಿಗೆ, ಪ್ರತಿ ಪುಸ್ತಿಕೆಯ ಇಪ್ಪತ್ತಮೂರನೆಯ ಪುಟಕ್ಕೆ ಇದನ್ನು ಸೇರಿಸಿ ಕೊಡಿ ಎಂದೆ. ಅವರು ಕೂಡಲೇ ಹಾಳೆ ಸೇರಿಸತೊಡಗಿದರು.

ಅವಳು ವೇಣೂರಿನ ಮೇಲಿಂದ ಬರುವ ಬಸ್ಸಿನಲ್ಲಿ ಬಂದಳು, ನೀಲಿ ಚೂಡಿದಾರ್ ಹಾಕಿಕೊಂಡು, ಜೊತೆಗೆ ಫ್ಯಾಕ್ಟರಿಯ ನಾಲ್ವರು ತುಳು ಹೆಂಗಸರನ್ನು ಕರೆದುಕೊಂಡು. ನಾಲ್ವರೂ ಆ ದಿನದ ಕೆಲಸ ಬಿಟ್ಟು ಬಂದಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರಿಗೆ, ಪಟ್ಟಿಯಲ್ಲಿದ್ದ ಎಂಟು ಕವಿಗಳಿಗೆ ಮತ್ತು ನಿರೂಪಕಿಗೆ ಎಂದು ಹತ್ತು ಕುರ್ಚಿ. ಕವಿಗಳನ್ನು ವೇದಿಕೆಗೆ ಕರೆಯುವಾಗ ಅವಳ ಹೆಸರನ್ನೂ, ಹಿಂದಿ ಕವಯಿತ್ರಿ ಎಂದು, ಉಳಿದವರ ನಡುವೆಯೇ ಕರೆದೆ. ಅವಳು ಬಂದು ನನ್ನ ಕುರ್ಚಿಯಲ್ಲಿ ಕುಳಿತಳು. ಮೂರು ಗಂಟೆಯ ಕಾರ್ಯಕ್ರಮವನ್ನು ನಾನು ನಿಂತೇ ನಡೆಸಿದೆ. ಸಂಚಾಲಕರು ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತು ನೆಲ ನೋಡುತ್ತಿದ್ದರು.

ಅವಳ ಸರದಿ ಐದನೆಯದು. ಅವಳು ಹಿಂದಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಓದಿದೆ. ‘ಅಳೆ, ನೀನು ಅಳೆ’ ಎನ್ನುವಾಗ ನನ್ನ ಸ್ವರ ನನಗೇ ಗಟ್ಟಿಯಾಗಿ ಕೇಳಿಸಿತು. ಸಭೆಯಲ್ಲಿದ್ದವರು ಪುಸ್ತಿಕೆಯೊಳಗಿನ ಹಾಳೆಯನ್ನು ತೆಗೆದು ನೋಡುತ್ತಿದ್ದರು.

ಅಧ್ಯಕ್ಷರು ಕೊನೆಯಲ್ಲಿ ಮಾತಾಡಿದರು. ಎಲ್ಲ ಕವಿತೆಗಳನ್ನೂ ಹೊಗಳಿದರು. ಒಂದು ಕವಿತೆಯಲ್ಲಿ ಕರ್ತವ್ಯದ ಮೇಲೆ ಬಂದ ನೌಕರನನ್ನು ಏಕವಚನದಲ್ಲಿ ಕರೆದದ್ದು ಕೇಳಿ ನೋವಾಯಿತು ಎಂದರು. ಬಹುವಚನದಲ್ಲಿ ಗೌರವಿಸುವುದು ನಮ್ಮ ಭಾಷೆಯ ಸಂಪತ್ತು, ಅನುವಾದಕರು ಅದನ್ನು ಮರೆಯಬಾರದು ಎಂದು ಹೇಳಿ ಕುಳಿತರು.

ಅವಳು ನನ್ನನ್ನು ಹತ್ತಿರ ಕರೆದು ಅವರು ಏನು ಹೇಳಿದರೆಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹಿಂದಿಯಲ್ಲಿ ಹೇಳಿದೆ. ಧನ್ಯವಾದ ಸಮರ್ಪಣೆ ಮಾತ್ರ ಬಾಕಿ ಇತ್ತು. ಅವಳು ಎದ್ದು ಮೈಕಿನ ಹತ್ತಿರ ಬಂದಳು. ನಾನು ಬದಿಗೆ ಸರಿದೆ. ಫ್ಯಾಕ್ಟರಿಯ ತುಳುವನ್ನೂ ಗೊತ್ತಿದ್ದಷ್ಟು ಕನ್ನಡವನ್ನೂ ಬೆರೆಸಿ, ಅಧ್ಯಕ್ಷರ ಕಡೆಗೇ ತಿರುಗಿ ನಿಧಾನವಾಗಿ ಮಾತಾಡಿದಳು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

“ನನ್ನ ಅಮ್ಮನ ಭಾಷೆಯಲ್ಲಿ ನೀನ್ ಒಂದೇ ಉಂಟು. ದೇವರಿಗೂ ನೀನ್. ನೀವೂ ದೇವರಿಗೆ ನೀನು ಅಂತಲೇ ಹೇಳುವುದಲ್ವಾ? ದೇವರಿಗೆ ಆಗುವ ಮಾತು ಅಳೆಯುವವನಿಗೆ ಯಾಕೆ ಆಗುವುದಿಲ್ಲ?”

ಹಿಂದಿನ ಸಾಲಿನಲ್ಲಿದ್ದ ಫ್ಯಾಕ್ಟರಿಯ ಹೆಂಗಸರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ವಿದ್ಯಾರ್ಥಿನಿಯರು. ಆಮೇಲೆ, ನನಗೆ ಆಶ್ಚರ್ಯವಾಗುವಂತೆ, ವೇದಿಕೆಯ ಮೇಲಿದ್ದ ಹಿರಿಯ ತುಳು ಕವಿ. ಎಲ್ಲರೂ ತಟ್ಟಲಿಲ್ಲ. ಅಧ್ಯಕ್ಷರು ನೀರು ಕುಡಿದು ಲೋಟ ಕೆಳಗಿಟ್ಟರು. ನಾನು ಧನ್ಯವಾದಕ್ಕೆ ಮುಂದಿನವರನ್ನು ಕರೆದೆ.

ಪರಿಣಾಮಗಳೂ ಇದ್ದವು. ಅನುಮತಿಯಿಲ್ಲದ ಹಾಳೆ ಹಂಚಿದ್ದಕ್ಕೆ ಕಾರಣ ಕೇಳಿ ನನಗೆ ಪತ್ರ ಬಂತು. ಕೈಬಿಟ್ಟ ಕವಿತೆಯನ್ನು ಓದುಗರಿಗೆ ಮುಟ್ಟಿಸುವುದು ಅನುವಾದಕಿಯ ಕೆಲಸ, ಅದನ್ನು ಮಾಡಿದ್ದೇನೆ, ವಿಷಾದವಿಲ್ಲ ಎಂದು ಉತ್ತರ ಬರೆದೆ. ಸಾಂಸ್ಕೃತಿಕ ಸಮಿತಿಯಿಂದ ನನ್ನನ್ನು ಬಿಡಿಸಿದರು. ಸಂಚಾಲಕರು ಈಗಲೂ ನಮಸ್ಕಾರ ಹೇಳುತ್ತಾರೆ, ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುವುದಿಲ್ಲ. ಫ್ಯಾಕ್ಟರಿಯಲ್ಲಿ ಆ ಐದು ಹೆಂಗಸರನ್ನು ಮೇಲ್ವಿಚಾರಕರು ವಿಚಾರಿಸಿಕೊಂಡರಂತೆ. ಕವಿತೆ ಓದಲು ಹೋಗಿದ್ದೆವು ಎಂದು ಐವರೂ ಒಂದೇ ಉತ್ತರ ಕೊಟ್ಟರಂತೆ.

ಎರಡು ಭಾನುವಾರ ಬಿಟ್ಟು ಅವಳು ನಾಲ್ಕುಗೆರೆಯ ಕಾಪಿಪುಸ್ತಕ ತೆಗೆದುಕೊಂಡು ಹೋಟೆಲಿಗೆ ಬಂದಳು. ಅವಳ ಇಡೀ ಸಂಕಲನವನ್ನು ಕನ್ನಡಕ್ಕೆ ತರುವುದೆಂದು ನಾವು ಮಾತಾಡಿಕೊಂಡಿದ್ದೆವು. ಮೊದಲು ನನಗೆ ಕನ್ನಡ ಅಕ್ಷರ ಕಲಿಸಬೇಕು ಎಂದಳು. ನಾನಿದ್ದೇನಲ್ಲ, ನಿನಗೆ ಯಾಕೆ ಅಷ್ಟು ಕಷ್ಟ ಎಂದೆ.

“ದೀದಿ, ಆವತ್ತು ನೀನು ಬದಲಿಸಿದ್ದು ನೀನೇ ಹೇಳಿದ್ದಕ್ಕೆ ನನಗೆ ಗೊತ್ತಾಯಿತು. ಹೇಳದಿದ್ದರೆ?”

ಆ ದಿನವೇ ಅಕ್ಷರ ಬರೆಸಲು ಶುರುಮಾಡಿದೆ. ಗೇರುಬೀಜದ ಎಣ್ಣೆಯಿಂದ ಒರಟಾದ ಬೆರಳುಗಳಲ್ಲಿ ಪೆನ್ಸಿಲು ಜಾರುತ್ತಿತ್ತು. ಒತ್ತಕ್ಷರಗಳಿಗೆ ತಿಂಗಳುಗಟ್ಟಲೆ ಹಿಡಿಯಿತು. ಈಗ ನನ್ನ ಕರಡನ್ನು ಅವಳೇ ಓದುತ್ತಾಳೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನವಾಗಿ, ಗಟ್ಟಿಯಾಗಿ. ಕಳೆದ ವಾರ ಹತ್ತೊಂಬತ್ತನೆಯ ಕವಿತೆಯಲ್ಲಿ ಅವಳ ಬೆರಳು ಒಂದು ಕಡೆ ನಿಂತಿತು. ‘ಕೇಳಿಕೊಂಡೆವು’ ಎಂದು ನಾನು ಬರೆದಿದ್ದೆ. ನಾವು ಕೇಳಿಕೊಳ್ಳಲಿಲ್ಲ, ಕೇಳಿದೆವು ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ತಿದ್ದಿದೆ.